ಫ್ಯೂಸ್ ಹಾಕುವ ಮೊದಲು

ಪಕ್ಕದ ಮನೆಯ ಅಕ್ಕನ ಬಲಗೈ ತೋರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಚರ್ಮ ಸುಟ್ಟು, ಬಿಳುಪಾಗಿ, ಗಟ್ಟಿಯಾಗಿ ಹೋಗಿತ್ತು. ರೊಟ್ಟಿ ಬಡಿಯುವಾಗ ಆ ಬೆರಳೊಂದು ತುಸು ಮೇಲೆದ್ದೇ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒದ್ದೆ ಕೈಯಿಂದ ಬಚ್ಚಲಿನ ಸ್ವಿಚ್ಚು ಒತ್ತಿ, ಕಿಡಿ ಹಾರಿ ಆದ ಗಾಯವಂತೆ. ಅವರ ಯಜಮಾನರು ನೇವಿಯಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದರು. ಆ ಘಟನೆಯ ನಂತರ ರಜೆಯಲ್ಲಿ ಕೂತು ಹೆಂಡತಿಗೆ ಮನೆಯ ವೈರಿಂಗ್ ಅಷ್ಟನ್ನೂ ಕಲಿಸಿ ಮತ್ತೆ ಹಡಗು ಹತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ, ಅತ್ತೆಯನ್ನೂ ಕರೆದುಕೊಂಡು ಬಂದು ನಾವು ಊರಂಚಿನ ಪೆಂಡುರ್ತಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನಾವು ತುಮಕೂರಿನ ಕಡೆಯವರು, ಅಕ್ಕ ಧಾರವಾಡದ ಕಡೆಯವರು. ನಡುವೆ ಒಂದೇ ಗೋಡೆ. ನನಗೆ ಆಗ ತೆಲುಗು ಬರುತ್ತಿರಲಿಲ್ಲ. ಗೋಡೆಯಾಚೆ ಕನ್ನಡ ಕೇಳಿಸಿದ ದಿನವೇ ಹೋಗಿ ಅಕ್ಕಾ ಎಂದು ಕರೆದಿದ್ದೆ.

"ನಿಮಗೆ ಹೆದರಿಕೆ ಆಗಲ್ವಾ ಅಕ್ಕಾ?" ಎಂದು ಒಮ್ಮೆ ಕೇಳಿದೆ. ಅವರು ಸ್ಟೂಲಿನ ಮೇಲೆ ನಿಂತು ತಮ್ಮ ಅಡುಗೆಮನೆಯ ಬಲ್ಬಿನ ಹೋಲ್ಡರ್ ಬಿಚ್ಚುತ್ತಿದ್ದರು.

"ನಮ್ಮವ್ರು ಹಡಗಿನ್ಯಾಗ ಅದಾರ, ಕರೆಂಟ್ ಮನ್ಯಾಗೈತಿ. ಯಾರ ಕೂಡ ಬಾಳೇ ಮಾಡ್ಬೇಕು ಹೇಳು ತಂಗಿ?" ಎಂದು ನಕ್ಕರು.

ನಗುತ್ತಿದ್ದರೂ ಕೆಲಸದಲ್ಲಿ ಅವರದು ಕಟ್ಟುನಿಟ್ಟು. ಮೊದಲು ತಾಳಿಯನ್ನು ಕುಪ್ಪಸದೊಳಗೆ ಸೇರಿಸುವರು. ಹವಾಯಿ ಚಪ್ಪಲಿ ಮೆಟ್ಟುವರು. ಮೀಟರ್ ಬೋರ್ಡಿನಿಂದ ಫ್ಯೂಸ್ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವರು. ಅದು ಅವರ ಸೆರಗಿನಲ್ಲಿರುವಾಗ ಯಾರೂ ತಿಳಿಯದೆ ಕರೆಂಟು ಕೊಡುವ ಹಾಗಿಲ್ಲ. ಟೆಸ್ಟರನ್ನು ಕೂಡ ಮೊದಲು ಕರೆಂಟಿರುವ ಕಡೆ ಇಟ್ಟು, ಉರಿಯುತ್ತದೆಂದು ನೋಡಿದ ಮೇಲೆಯೇ ನಂಬುತ್ತಿದ್ದರು.

ನಮ್ಮ ಬಚ್ಚಲಿನ ಗೋಡೆಯಲ್ಲಿ ಸದಾ ತೇವ. ಲೈಟಿನ ಸ್ವಿಚ್ಚು, ನೀರು ಕಾಯಿಸುವ ರಾಡಿನ ಪ್ಲಗ್ಗು ಎರಡೂ ಒಳಗೇ ಇದ್ದವು. ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮಹಡಿಯ ಮೇಲಿದ್ದ ಮನೆಯ ಮಾಲೀಕರಿಗೆ ಹೇಳಿದಾಗಲೆಲ್ಲ "ರೇಪು ಚೂದ್ದಾಮಮ್ಮಾ" ಎಂದು ನಾಳೆಗೆ ತಳ್ಳುತ್ತಿದ್ದರು.

"ಅವ್ರ ನಾಳೆ ಬರೂದಿಲ್ಲ. ನೀನ ಮಾಡು, ನಾ ಕಲಿಸ್ತೀನಿ," ಎಂದರು ಅಕ್ಕ.

ಒಂದು ವಾರ ಅವರ ಪಡಸಾಲೆಯಲ್ಲಿ ಕೂತು ಹಳೆಯ ಹಲಗೆಯೊಂದರ ಮೇಲೆ ವೈರು ಸುಲಿಯುವುದು, ಸ್ಕ್ರೂ ಬಿಗಿಯುವುದು ಕಲಿತೆ. ಅವರು ಹಾಕಿದ ಕಟ್ಟಳೆ ಒಂದೇ. "ಎಲ್ಲಾ ನೀನ ಜೋಡ್ಸು. ಫ್ಯೂಸ್ ಹಾಕೂ ಮೊದ್ಲು ಮಾತ್ರ ನನ್ನ ಕರಿ."

ಕರೆಯಲಿಲ್ಲ. ಆ ದಿನ ಬೆಳಿಗ್ಗೆ ಹೊಸ ಸ್ವಿಚ್ಚುಗಳನ್ನು ಕೂಡಿಸಿ ಮುಗಿಸಿದ್ದೆ. ಹಳೆಯ ವೈರುಗಳೆರಡೂ ಸುಣ್ಣ ಮೆತ್ತಿ ಒಂದೇ ಬಣ್ಣಕ್ಕೆ ತಿರುಗಿದ್ದರಿಂದ ಅಂದಾಜಿನ ಮೇಲೆ ಜೋಡಿಸಿದ್ದೆ. ಅಕ್ಕನನ್ನು ಕರೆಯಲು ಹೊರಟಾಗ ಬಾಗಿಲಲ್ಲಿ ಅತ್ತೆ ಸಿಕ್ಕರು.

"ಅವಳನ್ನ ಕೇಳದೆ ನಿನಗೆ ಒಂದು ಸ್ವಿಚ್ಚು ಹಾಕೋಕ್ಕೂ ಬರಲ್ವೇನೇ? ವಾರವೆಲ್ಲ ಅಲ್ಲಿ ಕೂತು ಏನು ಕಲಿತೆ, ರೊಟ್ಟಿ ತಟ್ಟೋದಾ?"

ನನಗೆ ಚುರುಕ್ಕೆಂದಿತು. ವಾಪಸ್ಸು ಹೋಗಿ ಫ್ಯೂಸ್ ಹಾಕಿದೆ. ಲೈಟು ಹತ್ತಿತು. ಸ್ವಿಚ್ಚು ಹಾಕಿದರೆ ರಾಡು ಕಾಯುತ್ತಿತ್ತು, ಆರಿಸಿದರೆ ನಿಲ್ಲುತ್ತಿತ್ತು. ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡರು. ಬಕೆಟ್ಟಿನಲ್ಲಿ ರಾಡು ಇಳಿಬಿಟ್ಟು, ನೀರು ಕಾಯುವವರೆಗೆ ಒಳಗೇ ಮಣೆಯ ಮೇಲೆ ಕೂತು ಎಣ್ಣೆ ಹಚ್ಚಿಕೊಳ್ಳುವುದು ಅವರ ರೂಢಿ. ಆಮೇಲೆ ಸ್ವಿಚ್ಚು ಆರಿಸಿ, ನೀರಿಗೆ ಕೈಯಿಟ್ಟು ಬಿಸಿ ನೋಡುವರು. ನಾವೆಲ್ಲ ಮಾಡುತ್ತಿದ್ದುದೂ ಹಾಗೆಯೇ.

ನಾನು ಹೆಮ್ಮೆಯಿಂದ ಅಕ್ಕನ ಮನೆಗೆ ಓಡಿದೆ. ಜೋಡಿಸಿದ ಬಗೆಯನ್ನೆಲ್ಲ ಹೇಳಿದೆ. ಕೇಳಿದ ಕೂಡಲೇ ಅವರ ಮುಖ ಬದಲಾಯಿತು.

"ಎರಡೂ ವೈರ್ ಒಂದ ಬಣ್ಣ ಇದ್ವು ಅಂದಿ. ಸ್ವಿಚ್ ಆರ್ಸಿ, ಪ್ಲಗ್ಗಿಗೆ ಟೆಸ್ಟರ್ ಹಚ್ಚಿ ನೋಡಿದಿ?"

"ಇಲ್ಲ. ಆರಿಸಿದರೆ ರಾಡು ನಿಲ್ಲುತ್ತಲ್ಲ ಅಕ್ಕಾ?"

"ತಪ್ಪು ವೈರಿಗೆ ಸ್ವಿಚ್ ಹಾಕಿದ್ರೂ ನಿಲ್ತೈತಿ. ಆದ್ರ ಕರೆಂಟ್ ರಾಡಿನ್ಯಾಗ ಹಂಗ ಕುಂತಿರ್ತೈತಿ. ನಿಮ್ಮ ರಾಡಿನ ಮೈ ಬ್ಯಾರೆ ಬಿರುಕು ಬಿಟ್ಟೈತಿ. ಬಚ್ಚಲದಾಗ ಯಾರದಾರ ಈಗ?"

"ಅತ್ತೆ."

ನಾನು ಕೂಗಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ತಡೆದರು. "ಕೂಗಬ್ಯಾಡ! ಕೂಗಿದ್ರ ಸ್ವಿಚ್ ಆರ್ಸಿ ರಾಡಿಗೆ ಕೈ ಹಾಕ್ತಾರ." ಅಷ್ಟು ಹೇಳಿ ಓಡಿದರು. ಮೆಟ್ಟಿಲ ಕೆಳಗಿದ್ದ ಮೀಟರ್ ಬೋರ್ಡಿಗೆ ಹತ್ತು ಹನ್ನೆರಡು ಹೆಜ್ಜೆ ಇರಬಹುದು. ಚಪ್ಪಲಿ ಇರಲಿಲ್ಲ, ಸೆರಗು ನೆಲಕ್ಕೆ ಎಳೆಯುತ್ತಿತ್ತು. ನಾನು ಬಚ್ಚಲಿನ ಬಾಗಿಲ ಮುಂದೆ ಹೋಗಿ ನಿಂತೆ. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಟಕ್ ಎಂದು ಸ್ವಿಚ್ಚಿನ ಸದ್ದಾಯಿತು. ಆ ಸದ್ದು ನನಗೆ ಇವತ್ತಿಗೂ ಆಗಾಗ ಕೇಳಿಸುತ್ತದೆ. ಮರುಕ್ಷಣ ಬಾಗಿಲ ಸಂದಿಯ ಬೆಳಕು ಹೋಯಿತು.

"ಯಾರೇ ಅದು ಲೈಟ್ ತೆಗೆದಿದ್ದು? ನೀರಿಗೆ ಕೈ ಹಾಕೋಣ ಅಂತಿದ್ದೆ, ಬಕೆಟ್ಟೇ ಕಾಣಿಸ್ತಿಲ್ಲ!" ಒಳಗಿನಿಂದ ಅತ್ತೆಯ ಬೈಗುಳ ಕೇಳಿಸಿತು.

ಅಕ್ಕ ಏದುಸಿರು ಬಿಡುತ್ತಲೇ ಬಂದು, ಏನೂ ನಡೆದಿಲ್ಲವೆಂಬ ದನಿಯಲ್ಲಿ ಹೇಳಿದರು: "ಕರೆಂಟ್ ಹೋಗೈತ್ರಿ ಅಮ್ಮಾರ. ನಿಧಾನ ಸ್ನಾನ ಮಾಡ್ರಿ."

ಅತ್ತೆ ಸ್ನಾನ ಮುಗಿಸಿ ಹೊರಗೆ ಬಂದ ಮೇಲೆ ಅಕ್ಕ ಫ್ಯೂಸ್ ಹಾಕಿ, ಆರಿಸಿದ್ದ ಪ್ಲಗ್ಗಿಗೆ ಟೆಸ್ಟರ್ ಇಟ್ಟು ತೋರಿಸಿದರು. ಕೆಂಪಗೆ ಉರಿಯಿತು. ನಾನು ಬಚ್ಚಲಿನ ಹೊಸ್ತಿಲ ಮೇಲೆ ಕೂತುಬಿಟ್ಟೆ. ಇನ್ನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ ಎಂದೆ.

"ಏಳು. ಈಗ ಬಿಚ್ಚು, ಮತ್ತ ಜೋಡ್ಸು. ಕೈ ನಡುಗಿದ್ರ ನಡುಗ್ಲಿ. ಅಂಜಿಕಿ ಇದ್ದ ಕೈ ಚೊಲೊ."

ಅವರು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ, ಪಕ್ಕದಲ್ಲಿ ನಿಂತೇ ಇದ್ದರು. ಊಟದ ಹೊತ್ತು ಮೀರಿತು. ಕೊನೆಗೆ ಟೆಸ್ಟರ್ ಉರಿಯದೆ ಉಳಿಯಿತು. ಆ ರಾಡನ್ನು ತಾವೇ ಎರಡಾಗಿ ಮಣಿಸಿ ಕಸಕ್ಕೆ ಹಾಕಿದರು. ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ತಮ್ಮ ಯಜಮಾನರಿಗೂ ಇಲ್ಲ, ನನ್ನ ಯಜಮಾನರಿಗೂ ಇಲ್ಲ.

ಮುಂದೆ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿನ ಬಾಡಿಗೆ ಮನೆಯ ಬಚ್ಚಲಿಗೆ ಸಾಮಾನು ಕೊಳ್ಳಲು ಗವರ್ನರ್‌ಪೇಟೆಯ ಅಂಗಡಿಗೆ ಹೋದರೆ, ಅಂಗಡಿಯಾತ "ಎಲೆಕ್ಟ್ರೀಷಿಯನ್ನನ್ನೇ ಕಳಿಸಿ ಅಮ್ಮಾ," ಎಂದ. "ನೇನೇನಂಡಿ," ಆ ಎಲೆಕ್ಟ್ರೀಷಿಯನ್ ನಾನೇ ರೀ, ಎಂದೆ. ಅಕ್ಕನಿಗೆ ಇದನ್ನು ಕಾಗದದಲ್ಲಿ ಬರೆದಿದ್ದೆ. ಪೂರ್ತಿ ಪುಟ ನಗುವಂಥ ಉತ್ತರ ಬಂದಿತ್ತು. ವರ್ಷಕ್ಕೆ ಎರಡು ಮೂರು ಕಾಗದ, ಅಷ್ಟೇ. ಒಮ್ಮೆ ಹೋಗಿ ನೋಡಿ ಬರಬೇಕೆನ್ನುತ್ತಲೇ ಏಳು ವರ್ಷ ಕಳೆದವು.

ಹೋದ ತಿಂಗಳು ಅವರ ಯಜಮಾನರಿಂದ ಕಾಗದ ಬಂತು. ಅಕ್ಕನಿಗೆ ಕಾಮಾಲೆಯಾಗಿತ್ತಂತೆ. ನಮ್ಮ ಕೈಗೆ ಅದು ಸೇರುವ ಹೊತ್ತಿಗೆ ಅವರು ತೀರಿಹೋಗಿ ಎಂಟು ದಿನವಾಗಿತ್ತು.

ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಸುದ್ದಿ ಹೇಳಿದೆ. ಹೇಳುತ್ತಾ ಹೇಳುತ್ತಾ ತಡೆಯಲಾಗದೆ ಆ ಬೆಳಗಿನದೆಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರು ಮೊರದಿಂದ ಕೈ ತೆಗೆದರು.

"ನನ್ನನ್ನಲ್ಲ ಕಣೇ ಅವಳು ಉಳಿಸಿದ್ದು. ನಾನು ಹೋಗಿದ್ರೆ ಹೋಗ್ತಿದ್ದೆ. ಅತ್ತೇನ ಕೊಂದೋಳು ಅಂತ ಅನ್ನಿಸ್ಕೊಂಡು ನೀನು ಹೇಗೆ ಬಾಳ್ತಿದ್ದೆ?"

ಮೊರವನ್ನು ಪಕ್ಕಕ್ಕೆ ಸರಿಸಿ, "ಅವಳ ಯಜಮಾನರಿಗೆ ಕಾಗದ ಬರಿ. ನಿನ್ನ ತಪ್ಪನ್ನೂ ಬಿಡದೆ ಬರಿ. ಹೆಂಡತಿ ಏನು ಮಾಡಿದ್ಳು ಅಂತ ಅವರಿಗೆ ಗೊತ್ತಾಗ್ಲಿ," ಎಂದರು.

ಬರೆದೆ. ಓದಿ ಹೇಳೆಂದರು, ಓದಿದೆ. ಆಮೇಲೆ ಪೆನ್ನು ಈಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ನನ್ನ ಹೆಸರಿನ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಅತ್ತೆ ತಮ್ಮ ಹೆಸರು ಬರೆದರು.