ಸೊಂಡಿಲು ಜೀಪು

ಡೀಸೆಲ್ ಇಂಜಿನ್ನೇ ಆಗಬೇಕು ಎಂದು ಹಟ ಹಿಡಿದವಳು ನಾನು. ಆ ಹಟದ ಬಗ್ಗೆ ಆಡಿಕೊಳ್ಳದವರು ನಮ್ಮ ಬಿಳೇಕಹಳ್ಳಿಯಲ್ಲಿ ಯಾರೂ ಉಳಿದಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಹೊಟ್ಟೆ ಉರಿಯುವವರು ಮಜ್ಜಿಗೆ ಕುಡಿಯಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಜೆ.ಪಿ. ನಗರದ ಕಡೆಯಿಂದ ಬಡಾವಣೆಗಳು ಒಂದೊಂದೇ ಹಂತವಾಗಿ ನಮ್ಮ ಹೊಲಗಳ ಮೇಲೆ ನಡೆದು ಬರುತ್ತಿದ್ದವು. ರಾಗಿ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲುಗಳು ಎದ್ದಿದ್ದವು. ನಮ್ಮ ಮನೆಗೆ ಉಳಿದಿದ್ದು ಕೆರೆಕೋಡಿ ಹಳ್ಳದ ಆಚೆಗಿನ ಒಂದು ತುಂಡು ಕೆಂಪು ಮಣ್ಣಿನ ಜಮೀನು, ಅದರಲ್ಲೊಂದು ಬಾವಿ. ಅದಕ್ಕೆ ರಸ್ತೆ ಇರಲಿಲ್ಲ, ಹಾಗಾಗಿಯೇ ಉಳಿದಿತ್ತು. ಅಲ್ಲಿ ನಾನು ಸೇವಂತಿಗೆ, ಕನಕಾಂಬರ ಹಾಕಿದ್ದೆ. ಗಂಡನ ಮನೆ ಬಿಟ್ಟು ತವರಿಗೆ ಬಂದವಳು ನಾನು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಡುತ್ತಾ ಕೂತಿದ್ದರೆ ಹೂವಿಗೆ ನೀರು ಹಾಯಿಸುವವರು ಯಾರು? ಆ ಜಮೀನು ಇರುವವರೆಗೆ ನನ್ನ ಅನ್ನ ನನ್ನದು, ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ. ಅಷ್ಟು ನನಗೆ ಗೊತ್ತಿತ್ತು.

ಚಿಕ್ಕಪ್ಪನಿಗೆ ಬೇರೆಯದೇ ಗೊತ್ತಿತ್ತು. ಅಪ್ಪನ ತಮ್ಮನಾದ ಅವನು ನೇಗಿಲು ಬಿಟ್ಟು ಸೈಟು ತೋರಿಸುವ ಕೆಲಸ ಹಿಡಿದಿದ್ದ. ಹಳ್ಳದಾಚೆಯ ಜಮೀನಿಗೂ ಒಬ್ಬ ಗಿರಾಕಿಯನ್ನು ಹುಡುಕಿ ತಂದಿದ್ದ. ಹಿಂದಿನ ವರ್ಷ ಹಿಂಗಾರು ಮಳೆಗೆ ಹಳ್ಳ ತುಂಬಿ, ಎತ್ತಿನ ಗಾಡಿ ದಾಟಲಾಗದೆ, ಹಬ್ಬದ ಹೂವೆಲ್ಲ ಮೂಟೆಯಲ್ಲೇ ಕೊಳೆತುಹೋಗಿತ್ತು. ಅದನ್ನೇ ಹಿಡಿದುಕೊಂಡು ಅವನು ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟ.

"ನೋಡಣ್ಣ, ಇದೊಂದು ಸಲ ನೋಡೋಣ. ದೀಪಾವಳಿ ಹೂವು ಮಾರ್ಕೆಟ್ ಸೇರ್ತಾ, ಜಮೀನು ಇರ್ಲಿ. ಹಳ್ಳದಾಚೆನೇ ಕೊಳೀತಾ, ಕೊಟ್ಬಿಡೋಣ. ಇವಳನ್ನ ಗಂಡನ ಮನೆಗೆ ಬಿಟ್ಟು ಬರೋಣ. ಎಷ್ಟು ದಿನ ಅಂತ ಹಿಂಗೆ?"

ಅಪ್ಪ ತಲೆಯಾಡಿಸಿದ. ನಾನು ಹೊರಗೆ ಬಂದು ಹೊಂಗೆ ಮರದ ಕೆಳಗಿದ್ದ ಜೀಪನ್ನು ನೋಡಿದೆ.

ಅದು ಅಪ್ಪ ಮಿಲಿಟರಿ ಹರಾಜಿನಲ್ಲಿ ಹಿಡಿದ ಪಿಕಪ್ ಜೀಪು. ನಾಲ್ಕು ಚಕ್ರಕ್ಕೂ ಎಳೆತವಿತ್ತು, ಹಿಂದೆ ಮೂಟೆ ಹಾಕಲು ತೆರೆದ ತೊಟ್ಟಿಯಿತ್ತು. ನನಗೆ ಓಡಿಸಲು ಕಲಿಸಿದ್ದೂ ಅಪ್ಪನೇ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ. ಅದರ ಪೆಟ್ರೋಲ್ ಇಂಜಿನ್ ಜಾಮ್ ಆಗಿ ವರ್ಷಗಳಾಗಿದ್ದವು. ಬಾನೆಟ್ಟಿನೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಕೋಳಿಯನ್ನು ಓಡಿಸಿ, ಬಾಡಿಗೆ ಟ್ರಾಕ್ಟರಿಗೆ ಹಗ್ಗ ಕಟ್ಟಿ, ಜೀಪನ್ನು ಸಾರಕ್ಕಿಯ ಗ್ಯಾರೇಜಿಗೆ ಎಳೆಸಿದೆ.

ಗ್ಯಾರೇಜಿನ ಮೇಸ್ತ್ರಿಗೆ ಬಾಯಿ ಜಾಸ್ತಿ. ಕಾರಿನ ಪೆಟ್ರೋಲ್ ಇಂಜಿನ್ ಕೂರಿಸಿದರೆ ಜೀಪು ಕುದುರೆ ಥರ ಓಡುತ್ತದೆ ಎಂದ. ಚಿಕ್ಕಪ್ಪನ ಕಣ್ಣು ಹೊಳೆಯಿತು. ಗಿರಾಕಿಗಳನ್ನು ಕೂರಿಸಿಕೊಂಡು ಬನಶಂಕರಿ ಸುತ್ತುವ ಕನಸು ಅವನಿಗೆ. ನಾನು ಡೀಸೆಲ್ ಎಂದೆ. ಶಿವಾಜಿನಗರದ ಗುಜರಿಯಲ್ಲಿ, ಗುದ್ದಿಸಿಕೊಂಡ ವ್ಯಾನೊಂದರ ಡೀಸೆಲ್ ಇಂಜಿನ್ ಸಿಗುತ್ತದೆ ಎಂದು ಮೇಸ್ತ್ರಿಯೇ ಬಾಯಿ ತಪ್ಪಿ ಹೇಳಿದ್ದ.

"ಹೆಂಗಸು ಇಂಜಿನ್ ಆರಿಸೋದಾ? ಸೀರೆ ಆರಿಸ್ದಂಗೆ ಅಂದ್ಕೊಂಡ್ಯಾ?" ಎಂದ ಚಿಕ್ಕಪ್ಪ.

"ಸೀರೆ ಆರಿಸೋದೇ ಕಷ್ಟ ಚಿಕ್ಕಪ್ಪ. ಹರಿದ್ರೆ ಯಾವ ಮೇಸ್ತ್ರಿನೂ ಸರಿ ಮಾಡಲ್ಲ."

ನನಗೆ ಡೀಸೆಲ್ ಗೊತ್ತಿದ್ದುದು ಗಂಡನ ಮನೆಯಿಂದ. ಅವರದು ಲಾರಿ ಇದ್ದ ಮನೆ. ದಿನಾ ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಲಾರಿ ಸ್ಟಾರ್ಟ್ ಆಗುತ್ತಿತ್ತು, ಇಲ್ಲವೇ ಆಗುತ್ತಿರಲಿಲ್ಲ. ಆಗದ ದಿನ ಬೈಗುಳ ನನ್ನ ಪಾಲಿಗೆ. ಹಾಗಾಗಿ ಅದರ ಕೆಮ್ಮು, ಹೊಗೆ, ಉಬ್ಬಸ ಎಲ್ಲ ನನಗೆ ಬಾಯಿಪಾಠವಾಯಿತು. ಆ ಮನೆಯಿಂದ ನನಗೆ ದಕ್ಕಿದ ಆಸ್ತಿ ಅದೊಂದೇ, ಅದನ್ನು ಯಾಕೆ ಬಿಡಲಿ? ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಹಳ್ಳದ ನೀರು ಎರಚಿ ವೈರು ನೆನೆದರೆ ಕಿಡಿ ಸತ್ತು, ನಡುನೀರಿನಲ್ಲಿ ನಿಂತುಬಿಡುತ್ತದೆ. ಡೀಸೆಲ್‌ಗೆ ಕಿಡಿಯ ಗೊಡವೆ ಇಲ್ಲ. ಎಣ್ಣೆ ಮತ್ತು ಉಸಿರು ಸಿಕ್ಕಿದರೆ ಸಾಕು.

ಕೊನೆಗೆ ಅಪ್ಪ "ಓಡಿಸೋಳು ಅವಳು, ಅವಳು ಹೇಳಿದ್ದೇ ಹಾಕಿ" ಎಂದ. ಡೀಸೆಲ್ ಬಂತು. ಅದರ ಭಾರಕ್ಕೆ ಜೀಪು ಮೂಗು ಬಗ್ಗಿಸಿತು, ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಬೇಕಾಯಿತು. ಸ್ಟಾರ್ಟ್ ಮಾಡಿದರೆ ಕನ್ನಡಿಯಿಂದ ನನ್ನ ಬಳೆಯವರೆಗೆ ಎಲ್ಲ ಗಡಗಡ. ಸುಳ್ಳು ಯಾಕೆ ಹೇಳಲಿ, ಸುಖದ ಗಾಡಿಯಲ್ಲ ಅದು.

ಆಮೇಲೆ ಉಸಿರಿನ ಜಗಳ. ಮೇಸ್ತ್ರಿ ಗಾಳಿ ಸೋಸುವ ಏರ್ ಕ್ಲೀನರನ್ನೇ ಕಿತ್ತುಬಿಡೋಣ ಎಂದ. "ಗಾಳಿ ಫ್ರೀ ಆಗುತ್ತಕ್ಕಾ, ಸಖತ್ ಪಿಕಪ್ ಬರುತ್ತೆ." ಸುತ್ತ ಬಡಾವಣೆಯ ಮಣ್ಣು ಹೊತ್ತ ಲಾರಿಗಳು ಓಡಾಡಿ, ಬಿಸಿಲು ಬಂದರೆ ಊರೇ ಕೆಂಪಾಗುತ್ತಿತ್ತು. ಆ ಧೂಳನ್ನು ಕುಡಿದ ಇಂಜಿನ್ ಎಷ್ಟು ದಿನ ಬಾಳುತ್ತದೆ? ತಳದಲ್ಲಿ ಎಣ್ಣೆ ಬಟ್ಟಲಿರುವ, ಧೂಳನ್ನು ಎಣ್ಣೆಯಲ್ಲಿ ಹಿಡಿದಿಡುವ ದೊಡ್ಡ ಕ್ಲೀನರನ್ನೇ ಹಾಕಿಸಿದೆ. ಅದು ಗಾಳಿ ಎಳೆಯುವ ಬಾಯಿ ಬಾನೆಟ್ಟಿನೊಳಗೆ ತಗ್ಗಿನಲ್ಲಿತ್ತು. ಹಳ್ಳದ ನೀರು ಅಲ್ಲಿಗೆ ಏರಿದರೆ ಇಂಜಿನ್ ಗಾಳಿಯ ಬದಲು ನೀರು ಎಳೆದುಕೊಳ್ಳುತ್ತದೆ. ನೀರನ್ನು ಒತ್ತಿ ಕುಗ್ಗಿಸಲಾಗದೆ ಒಳಗಿನ ಕಬ್ಬಿಣವೇ ಬಾಗುತ್ತದೆ. ಅಲ್ಲಿಗೆ ಕಥೆ ಮುಗಿದಂತೆ.

ಬಾಯಿಯನ್ನು ಮೇಲಕ್ಕೆ ಒಯ್ಯಬೇಕು ಎಂದೆ. ಬಾವಿಯ ಹಳೇ ಪಂಪ್‌ಸೆಟ್ಟಿನ ಪೈಪು ತಂದುಕೊಟ್ಟೆ. ಬಾನೆಟ್ಟಿನ ಎಡಬದಿಯಲ್ಲಿ ತೂತು ಕೊರೆಸಿ, ಪೈಪನ್ನು ಮುಂಗಾಜಿನ ಪಕ್ಕದಲ್ಲಿ ಟಾಪಿನವರೆಗೆ ಏರಿಸಿ, ಮಳೆ ಬೀಳದ ಹಾಗೆ ತುದಿಯನ್ನು ಕೊಡೆಯ ಹಿಡಿಯಂತೆ ಕೆಳಮುಖವಾಗಿ ಬಗ್ಗಿಸಿದ್ದಾಯಿತು. ಊರಿಗೆ ಹಬ್ಬ. "ಏನಮ್ಮಿ, ಜೀಪಿಗೆ ಸೊಂಡ್ಲು ಬಂದೈತೆ!" ಎಂದು ನಕ್ಕರು. ಮಕ್ಕಳು ಸೊಂಡಿಲು ಜೀಪು ಎಂದು ಹೆಸರಿಟ್ಟವು. ನಗಲಿ ಎಂದು ಸುಮ್ಮನಿದ್ದೆ. ಮೊದಲ ಮಳೆಗೆ ಹಳ್ಳ ದಾಟಿ, ದಸರಾದ ಹೂವನ್ನು ಹೊತ್ತುಕೊಂಡು ಮಾರ್ಕೆಟ್ಟಿಗೆ ಹೋಗಿ ಬಂದೆ. ನಕ್ಕವರು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿದ್ದರು.

ಆಯುಧಪೂಜೆ ಬಂತು. ಅಮ್ಮ ಜೀಪನ್ನು ತಾನೇ ತೊಳೆದಳು. ಜನ ಸೊಂಡಿಲು ಅಂದದ್ದೇ ಅವಳಿಗೆ ಗಣಪನಾಗಿಹೋಗಿತ್ತು. ಪೈಪಿಗೆ ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಗರಿಕೆ ಸಿಕ್ಕಿಸಿದಳು. ಬಗ್ಗಿದ ತುದಿಯಿಂದ ದಾರದಲ್ಲಿ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಇಳಿಬಿಟ್ಟಳು. ಎಲ್ಲ ಗಾಡಿಗೂ ಕಟ್ಟುತ್ತಾರೆ, ನಾನು ಗಮನ ಕೊಡಲಿಲ್ಲ. ನನ್ನ ಸೀಟು ಬಲಗಡೆ, ಅದು ಎಡಗಡೆಯ ಮೂಲೆಯಲ್ಲಿ.

ಆ ವಾರದಿಂದ ಶುರುವಾಯಿತು ನೋಡಿ. ಚಪ್ಪಟೆ ರಸ್ತೆಯಲ್ಲಿ ಮೆಲ್ಲಗೆ ಹೋದರೆ ಏನೂ ಇಲ್ಲ. ಮೂಟೆ ಹೇರಿಕೊಂಡು ಹಳ್ಳದ ದಿಬ್ಬ ಹತ್ತಲು ಜೋರಾಗಿ ಒತ್ತಿದರೆ ಕಪ್ಪು ಹೊಗೆ ಉಗುಳಿ, ಎಳೆತ ಸತ್ತು, ನಿಂತುಬಿಡುವುದು. ಮೇಸ್ತ್ರಿಯ ಹತ್ತಿರ ಒಯ್ದೆ. ಅವನು ಬಾನೆಟ್ ಎತ್ತಲು ಪೈಪಿನ ರಬ್ಬರ್ ಬಿಚ್ಚಿದ, ಡೀಸೆಲ್ ಪಂಪು ನೋಡಿದ, ಫಿಲ್ಟರ್ ಬದಲಿಸಿದ. ಪೈಪು ಬಿಚ್ಚಿಟ್ಟ ಹಾಗೆಯೇ ಓಡಿಸಿದಾಗ ಗ್ಯಾರೇಜಿನಲ್ಲಿ ಇಂಜಿನ್ ಹುಲಿಯ ಹಾಗೆ ಗುಡುಗಿತು. ಮತ್ತೆ ಎಲ್ಲ ಜೋಡಿಸಿಕೊಂಡು ಬಂದರೆ ದಿಬ್ಬದ ಮೇಲೆ ಅದೇ ರಾಗ ಅದೇ ಹಾಡು.

"ನಾನ್ ಹೇಳ್ಲಿಲ್ವಾ? ಗುಜರಿ ಮಾಲು," ಎಂದ ಚಿಕ್ಕಪ್ಪ. ಗಿರಾಕಿಯನ್ನು ಕರೆದುಕೊಂಡು ಬಂದು ಹಳ್ಳದ ಈಚೆಯಿಂದಲೇ ಜಮೀನು ತೋರಿಸಿದ. ಅಮ್ಮ ಪಾಪ, ಮಂಗಳವಾರಕ್ಕೊಂದು ಹೊಸ ಹಣ್ಣು ಕಟ್ಟುತ್ತಿದ್ದಳು. ಗಾಡಿ ಕೆಟ್ಟಷ್ಟೂ ಹಣ್ಣು ದಪ್ಪವಾಗುತ್ತಿತ್ತು. ಹೊಲದಲ್ಲಿ ಸೇವಂತಿಗೆ ಮೊಗ್ಗು ಬಿರಿಯುತ್ತಿತ್ತು, ಹಬ್ಬ ಹತ್ತಿರ ಬರುತ್ತಿತ್ತು. ನನಗೆ ನಿಜವಾಗಿಯೂ ಭಯವಾಗಿತ್ತು. ಆ ಲಾರಿ ಮನೆಯ ಅಂಗಳ ಮತ್ತೆ ಗುಡಿಸಬೇಕಾದೀತು ಎಂದು.

ಒಂದು ಮಧ್ಯಾಹ್ನ ಮತ್ತೆ ದಿಬ್ಬದಲ್ಲಿ ನಿಂತಿತು. ಅಪ್ಪ ಸ್ಟೀರಿಂಗ್ ಹಿಡಿದ, ನಾನು ಚಕ್ರಕ್ಕೆ ಅಡ್ಡಗಲ್ಲು ಕೊಡಲು ಇಳಿದೆ. ಅಮ್ಮ ಬುತ್ತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅಪ್ಪ ಸ್ಟಾರ್ಟ್ ಮಾಡಿ ಜೋರಾಗಿ ಒತ್ತಿದ. ನನ್ನ ತಲೆಯ ಮೇಲೆ ಯಾರೋ ಹಲ್ಲು ಕಚ್ಚಿ ಗಾಳಿ ಎಳೆದಂತೆ ಸುಯ್ ಎಂದಿತು. ತಲೆಯೆತ್ತಿ ನೋಡಿದೆ. ನಿಂಬೆಹಣ್ಣು ಎಗರಿ ಹೋಗಿ ಪೈಪಿನ ಬಾಯಿಗೆ ಬಿರಡೆ ಬಡಿದ ಹಾಗೆ ಕೂತಿತ್ತು. ಹೊಗೆ ಕಪ್ಪಾಯಿತು, ಇಂಜಿನ್ ಸತ್ತಿತು. ಸತ್ತ ಕೂಡಲೇ ಹಣ್ಣು ಕಳಚಿ, ಏನೂ ಅರಿಯದ ಹಾಗೆ ದಾರದಲ್ಲಿ ತೂಗಾಡಿತು.

ನಾನು ಅಲ್ಲೇ ಕೆಸರಿನಲ್ಲಿ ಕೂತು ನಕ್ಕೆ. ಎದ್ದು ದಾರಕ್ಕೆ ಕೈ ಹಾಕಿದೆ. ಅಮ್ಮ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು.

"ಅಮಾಸೆ ತನಕ ಬಿಚ್ಬಾರ್ದು ಕಣೆ!"

"ದೃಷ್ಟಿಗೆ ಮುಂದಿನ ಬಂಪರ್‌ಗೆ ಕಟ್ಟು ಅಮ್ಮ, ಬೇಕಾದ್ರೆ ಗೊನೆನೇ ಕಟ್ಟು. ಇಲ್ಲಿ ಬೇಡ."

"ದೃಷ್ಟಿಗಲ್ಲ." ಅವಳ ದನಿ ಇಳಿಯಿತು. "ಹರಕೆ ಮಾಡ್ಕೊಂಡು ಕಟ್ಟಿದ್ದು. ನೀನು ಗಂಡನ ಮನೆಗೆ ವಾಪಸ್ ಹೋಗೋ ಹಂಗಾಗ್ಲಿ ಅಂತ."

ನನ್ನ ನಗು ನಿಂತಿತು. ಚಿಕ್ಕಪ್ಪ ಅಂದಿದ್ದರೆ ಎರಡು ಮಾತು ಅಂದು ಮುಗಿಸುತ್ತಿದ್ದೆ. ಇವಳು ನನ್ನ ಹೂವಿನ ಮೂಟೆ ಹೊಲಿದು ಕೊಡುವವಳು, ನನಗೆ ಬುತ್ತಿ ತರುವವಳು. ಮೈಯೆಲ್ಲ ಉರಿದುಹೋಯಿತು.

"ನಾನು ಹೋಗಲ್ಲ. ಹರಕೆ ಹೊತ್ರೂ ಹೋಗಲ್ಲ, ಜಮೀನು ಮಾರಿದ್ರೂ ಹೋಗಲ್ಲ. ಭಾರ ಆದ್ರೆ ಹೇಳು, ಆ ಬಾವಿ ಹತ್ರ ಗುಡಿಸ್ಲು ಹಾಕ್ಕೋತೀನಿ."

"ಭಾರ ಯಾರಂದ್ರು? ನಾವು ಕಣ್ಮುಚ್ಚಿದ ಮೇಲೆ ನಿನ್ನ ಯಾರು ಇಟ್ಕೋತಾರೆ?"

"ಇಟ್ಕೊಳ್ಳೋಕೆ ನಾನೇನು ಪಾತ್ರೆನಾ?"

ದಾರ ಕಿತ್ತು, ಹಣ್ಣನ್ನು ಹಳ್ಳಕ್ಕೆ ಎಸೆದೆ. ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಇಳಿದು ಬಂದು ನನಗೆ ಸೀಟು ಬಿಟ್ಟುಕೊಟ್ಟ. ನಾನು ಒತ್ತಿದೆ, ಜೀಪು ದಿಬ್ಬ ಹತ್ತಿತು. ಅಮ್ಮ ಆಮೇಲೆ ಎರಡು ದಿನ ನನ್ನ ಮುಖ ನೋಡಲಿಲ್ಲ, ನಾನೂ ಹೋಗಿ ಸಮಾಧಾನ ಮಾಡಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಕು ಹರಿಯುವ ಹೊತ್ತಿಗೆ ಹೊಲಕ್ಕೆ ಹೊರಟೆ. ಇಡೀ ರಾತ್ರಿ ಮಳೆ ಸುರಿದಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಎಡಗಡೆಯ ಸೀಟು ಹತ್ತಿದಳು. "ಹೂ ಬಿಡಿಸೋಕೆ ಕೈ ಬೇಕಲ್ಲ," ಎಂದಳು, ಅಷ್ಟೇ. ಅಪ್ಪ ಹಿಂದೆ ತೊಟ್ಟಿಯಲ್ಲಿ ಕೂತ. ಮೂವರೂ ಸೇರಿ ಹೂ ಬಿಡಿಸಿ, ಮೂಟೆ ಕಟ್ಟಿ, ಹೇರಿ ಮುಗಿಸುವಷ್ಟರಲ್ಲಿ ಕೋಡಿಯ ನೀರು ಇನ್ನೂ ಏರಿತ್ತು.

ಜೀಪನ್ನು ಹಳ್ಳಕ್ಕೆ ಇಳಿಸಿದೆ. ನೀರು ದೀಪಗಳನ್ನು ಮುಳುಗಿಸಿತು, ಅಲೆ ಎದ್ದು ಬಾನೆಟ್ಟಿನ ಮೇಲೆ ಹರಿಯಿತು, ನನ್ನ ಪಾದ ತಣ್ಣಗಾಯಿತು. ಪೈಪು ಮಾತ್ರ ಎಲ್ಲದರ ಮೇಲೆ ಉಸಿರಾಡುತ್ತಿತ್ತು. ಅಮ್ಮ ಮುಂಗಾಜಿನ ಕಂಬಿಯನ್ನು ಹಿಡಿದು ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ನಡುವೆ ಚಕ್ರ ಒಮ್ಮೆ ಕಲ್ಲಿನಿಂದ ಜಾರಿತು, ಮತ್ತೆ ಹಿಡಿಯಿತು. ಈಚೆ ದಡಕ್ಕೆ ಬಂದು ಪೂರ್ತಿ ಒತ್ತಿದೆ. ಜೀಪು ನಿಲ್ಲಲಿಲ್ಲ, ನೀರು ಸುರಿಸುತ್ತಾ ದಿಬ್ಬದ ತುದಿಗೆ ಏರಿತು.

ದಾರಿಗೆ ಅಡ್ಡವಾಗಿ ಕೊಡೆ ಹಿಡಿದು ಚಿಕ್ಕಪ್ಪ ನಿಂತಿದ್ದ, ಪಕ್ಕದಲ್ಲಿ ಸಫಾರಿ ಹಾಕಿದ ಆ ಗಿರಾಕಿ. ನಾನು ಬ್ರೇಕ್ ಹಾಕಿದೆ, ಇಂಜಿನ್ ಆರಿಸಲಿಲ್ಲ. ಚಿಕ್ಕಪ್ಪ ನನ್ನ ಕಡೆ ನೋಡದೆ ಸುತ್ತಿ ಅಮ್ಮನ ಹತ್ತಿರ ಬಂದ.

"ಅತ್ತಿಗೆ, ಈ ವರ್ಷ ಹೆಂಗೋ ದಾಟ್ತು. ಮುಂದಿನ ವರ್ಷಕ್ಕೆ ಯಾರು? ಇವಳೇನು ಇಲ್ಲೇ ಇರೋಳಾ? ನೀವೇ ಹೇಳಿ, ಸಾಹೇಬ್ರು ಕೇಳ್ಲಿ."

ಅಮ್ಮ ಮೊದಲು ನನ್ನನ್ನು ನೋಡಿದಳು. ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು. ಆಮೇಲೆ ಆ ಗಿರಾಕಿಯ ಕಡೆ ತಿರುಗಿ, ಇಂಜಿನ್ ಸದ್ದಿನ ಮೇಲೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

"ನನ್ ಮಗಳು ಇಲ್ಲೇ ಇರ್ತಾಳೆ. ಹೂ ಬಾಡ್ತದೆ, ದಾರಿ ಬಿಡ್ರಪ್ಪ."