ಪರದೆಯ ಮೇಲೆ ಬಂದ ನನ್ನ ಹೆಸರು

ಟಾಕೀಸಿನ ಕತ್ತಲೆಯಲ್ಲಿ ಫೋನೊಂದು ಬೆಳಗಿದರೆ ನಿಮಗೆ ಸಿಟ್ಟು ಬರಬಹುದು. ನನಗೆ ಜೀವ ಹೋದಂತಾಗುತ್ತದೆ. ಹೋದ ವಾರ ಹೊಸಪೇಟೆಯಲ್ಲಿ ಪಿಕ್ಚರ್ ನೋಡುವಾಗ ಪಕ್ಕದಲ್ಲಿದ್ದ ಸುಜಾತಳ ಫೋನು ಬೆಳಗಿತು. ಸುಜಾತ ನನ್ನ ಅಕ್ಕನ ಮಗಳು, ನಾವೇ ಸಾಕಿದವಳು. ಯಾರದೆಂದು ನೋಡಿ ಆರಿಸಿಬಿಟ್ಟಳು. ಎದ್ದು ಹೊರಗೆ ಹೋಗಿ ಮಾತಾಡು ಎಂದು ನಾನು ಗದರಿದ್ದಕ್ಕೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಫೋನು ಮಾಡಿದವನು ಗ್ಯಾಸ್ ಸಿಲಿಂಡರಿನವನಂತೆ! ಇಂಟರ್‌ವಲ್ ಆದದ್ದೇ ನಾನು ಹೊರಗೆ ಬಂದೆ. ಅದು ನನ್ನ ಹಳೆಯ ಚಾಳಿ. ಯಾವ ಪಿಕ್ಚರನ್ನೂ ಅರ್ಧದಾಚೆಗೆ ನೋಡುವುದಿಲ್ಲ. ಮನೆಯಲ್ಲಿ ನನ್ನನ್ನು ‘ಅರ್ಧ ಟಿಕೆಟ್’ ಎಂದೇ ಆಡಿಕೊಳ್ಳುತ್ತಾರೆ, ನಾನೂ ಹಲ್ಲು ಕಿರಿದು ಸುಮ್ಮನಿರುತ್ತೇನೆ.

ಈ ಟಾಕೀಸಿಗೆ ಮಾತ್ರ ನಲವತ್ತು ವರ್ಷಗಳ ಮೇಲೆ ಕಾಲಿಟ್ಟಿದ್ದೆ, ಅದೂ ಸುಜಾತಳ ಹಟಕ್ಕೆ. ಒಳಗೆಲ್ಲ ಹೊಸದು, ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ. ಹೊರಗಿನ ಬೇವಿನ ಮರ ಹಳೆಯದೇ. ಅದರ ಕೆಳಗೆ ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆಯೂ ಹಳೆಯದೇ.

ಎಪ್ಪತ್ತರ ದಶಕದಲ್ಲಿ ನಾನು ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಅಕ್ಕನನ್ನು ಕಂಪ್ಲಿಗೆ ಕೊಟ್ಟಿತ್ತು. ಕಾಲುವೆ ನೀರಿನಿಂದ ಅಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ; ಭತ್ತ ಮಾರಿದ ಮೇಲಿನ ಭಾನುವಾರ ಬಸ್ಸು ಅರ್ಧ ಊರನ್ನೇ ಹೊಸಪೇಟೆಗೆ ತಂದು ಸುರಿಯುತ್ತಿತ್ತು. ಸಂಡೂರಿನ ಗಣಿಯವರೂ ಕೆಂಪು ಧೂಳು ಕೊಡವಿಕೊಂಡು ಬರುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಭಾವ ಹತ್ತು ಸೀರೆ ಬಿಚ್ಚಿಸಿದರೆ ಅಕ್ಕ ಮೊದಲನೆಯದೇ ಸಾಕು ಎನ್ನುವಳು. ಹೋಟೆಲಿನಲ್ಲಿ ಪೂರಿ ಬರುವುದು ತಡವಾದರೆ ಎದ್ದೇ ಬಿಡುವಳು. ಅವಳ ಜೀವವೆಲ್ಲ ಮ್ಯಾಟಿನಿಯಲ್ಲಿ. ದೀಪ ಆರಿದೊಡನೆ ಭಾವನ ಗೊರಕೆ ಶುರು. ಅಕ್ಕ ಮಾತ್ರ ಒಂದು ಮಾತೂ ಬಿಡದೆ ಕೇಳಿಸಿಕೊಂಡು, ಊರಿಗೆ ಹೋಗಿ ಓಣಿಯ ಹೆಂಗಸರನ್ನು ಕೂರಿಸಿಕೊಂಡು ವಾರವಿಡೀ ಆ ಕತೆ ಹೇಳುವಳು. ನಡುವೆ ಯಾರಾದರೂ ಎದ್ದು ಹೋದರೋ, ಮರುದಿನ ಅವರೊಡನೆ ಮಾತಿಲ್ಲ.

ಆಗ ಫೋನೆಲ್ಲಿ? ಪಿಕ್ಚರ್ ನೋಡುತ್ತಿರುವವರನ್ನು ತುರ್ತಾಗಿ ಕರೆಯಬೇಕಾದರೆ ಗೇಟಿನವನಿಗೆ ಹೆಸರು ಹೇಳಬೇಕಿತ್ತು. ಮೇಲೆ ಮಷೀನ್ ಓಡಿಸುವವನು ಮಸಿ ಬಳಿದ ಗಾಜಿನ ಮೇಲೆ ಮೊಳೆಯಿಂದ ಕೆರೆದು ಬರೆದು ಪರದೆಗೆ ಬಿಡುವನು: ಇಂಥವರು ಕೂಡಲೇ ಹೊರಗೆ ಬರಬೇಕು. ಹೆಚ್ಚಾಗಿ ಕೆಟ್ಟ ಸುದ್ದಿಯೇ. ನಾವು ಆಫೀಸಿನ ಪಡ್ಡೆಗಳು ಅದನ್ನೂ ತಮಾಷೆ ಮಾಡಿಕೊಂಡಿದ್ದೆವು. ಒಂದು ಪ್ಲೇಟ್ ಬಜ್ಜಿ ಕೊಡಿಸಿದರೆ ಅವನು ಯಾರ ಹೆಸರನ್ನಾದರೂ ಹಾಕುತ್ತಿದ್ದ. ಒಮ್ಮೆ ನನ್ನ ಪಕ್ಕದ ಮೇಜಿನ ರುದ್ರಪ್ಪನ ಹೆಸರು ಹಾಕಿಸಿದೆ. ಪಾಪ, ಚಪ್ಪಲಿ ಬಿಟ್ಟು ಓಡಿದ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿನಗೂ ಒಂದು ದಿನ ಇದೆ ಎಂದಿದ್ದ ಅವನು.

ಚೊಚ್ಚಲ ಹೆರಿಗೆಗೆ ಅಕ್ಕ ಹೊಸಪೇಟೆಯ ಆಸ್ಪತ್ರೆ ಸೇರಿದಳು. ಭಾನುವಾರ ಮಧ್ಯಾಹ್ನ, ಇನ್ನೂ ಹೊತ್ತಿದೆ ಎಂದರು. ಅಪ್ಪ ಬಾಗಿಲ ಬಳಿ ಕೂತಿದ್ದರು. ಅಕ್ಕ ನನ್ನನ್ನು ಕರೆದು, ಹೊಸ ಪಿಕ್ಚರ್ ಬಂದಿದೆಯಂತೆ, ನೀನಾದರೂ ನೋಡಿ ಬಂದು ಕತೆ ಹೇಳು ಎಂದಳು.

“ಮುಗಿಯೋತನಕ ಕುಂದ್ರು ಮತ್ತ. ಅರ್ಧಾ ಕತಿ ನನಗ ಬ್ಯಾಡ.”

ಇಂಟರ್‌ವಲ್ ಕಳೆದು ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನನ್ನ ಹೆಸರು ಬಂತು. ರುದ್ರಪ್ಪ ಸೇಡು ತೀರಿಸಿಕೊಂಡ ಎಂದು ನಕ್ಕು ಕಾಲು ಚಾಚಿದೆ. ಅಕ್ಕ ಆಸ್ಪತ್ರೆಯಲ್ಲಿರುವುದು ಗೊತ್ತಿದ್ದೂ ನಕ್ಕೆ. ಬಹಳ ಹೊತ್ತಿನ ಮೇಲೆ ಮತ್ತೆ ಬಂತು. ಈ ಸಲ ಇದು ರುದ್ರಪ್ಪನ ಕೆಲಸವಲ್ಲ ಅನ್ನಿಸಿತು, ನಿಮ್ಮ ಮುಂದೆ ಯಾಕೆ ಸುಳ್ಳು ಹೇಳಲಿ? ಆದರೆ ಪಿಕ್ಚರ್ ಮುಗಿಯಲು ಬಂದಿತ್ತು. ಈಗ ಎದ್ದರೆ ಅಕ್ಕನಿಗೆ ಏನು ಹೇಳಲಿ ಎಂದುಕೊಂಡು ಕೂತೇ ಇದ್ದೆ.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಅಪ್ಪ. ಕತ್ತಲಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಒಳಗೆ ಬಂದು ಹುಡುಕುವ ಹಾಗಿರಲಿಲ್ಲ. ಹೆರಿಗೆಯಾಗಿ ಅಕ್ಕನಿಗೆ ರಕ್ತ ನಿಲ್ಲುತ್ತಿಲ್ಲವೆಂದೂ ನನ್ನನ್ನೇ ಕೇಳುತ್ತಿದ್ದಾಳೆಂದೂ ಹೇಳಿದರು.

“ಎರಡು ಸಲ ಹಾಕ್ಸಿದ್ನೆಪಾ,” ಎಂದರು.

“ಕಾಣ್ಲಿಲ್ಲಪಾ. ಕಣ್ಣು ಹತ್ತಿತ್ತು,” ಎಂದು ನಿದ್ದೆಯ ನೆಪ ಹೇಳಿದೆ.

ನಾವು ಹೋಗುವಷ್ಟರಲ್ಲಿ ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಪಕ್ಕದಲ್ಲಿ ಕೂಸು ಅಳುತ್ತಿತ್ತು. ಮಾತಾಡಿಸಲು ಬಂದವರಿಗೆಲ್ಲ ಅಪ್ಪ, ಅವನಿಗೆ ಕಣ್ಣು ಹತ್ತಿತ್ತು ಎಂದೇ ಹೇಳಿದರು. ಸಾಯುವವರೆಗೂ ಅದನ್ನೇ ಹೇಳಿದರು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಹೋದ ವಾರ ಸುಜಾತ ನನ್ನ ಹಿಂದೆಯೇ ಮರದ ಕೆಳಗೆ ಬಂದಳು. ಒಂದು ಫೋನಿಗೆ ಅಷ್ಟೇಕೆ ಗದರಿದೆ ಎಂದು ಕೇಳಿದಳು. ಹೇಳಿಬಿಟ್ಟೆ, ಅಪ್ಪನಿಗೆ ಹೇಳಿದ ಸುಳ್ಳನ್ನೂ ಬಿಡದೆ. ಅವಳ ಕೈಯಲ್ಲಿದ್ದ ಬಜ್ಜಿ ತಣ್ಣಗಾಯಿತು.

“ಕೊನಿಗೆ ಏನಾತು ಮಾಮಾ, ಆ ಪಿಕ್ಚರಿನಾಗ?”

ಪರದೆಯ ಮೇಲಿನ ಆ ಓರೆ ಅಕ್ಷರಗಳು ಇವತ್ತಿಗೂ ಕಣ್ಣ ಮುಂದಿವೆ. ಪಿಕ್ಚರಿನ ಕೊನೆಯನ್ನು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಗೊತ್ತಿಲ್ಲ ಎಂದೆ. ಸುಜಾತ ಬಜ್ಜಿಯ ಕಾಗದ ಮಡಚಿ ಬಿಸಾಕಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ನನ್ನನ್ನು ಬಾ ಎನ್ನಲಿಲ್ಲ.

ಪಿಕ್ಚರ್ ಬಿಡಲು ಇನ್ನೂ ಒಂದು ತಾಸಿತ್ತು. ಅಪ್ಪ ನಿಂತ ಜಾಗದಲ್ಲೇ ನಿಂತೆ. ಗೇಟಿನ ಕಡೆ ನೋಡುತ್ತ ನಿಂತವನಿಗೆ ಒಂದು ತಾಸು ಎಷ್ಟು ಉದ್ದ ಎಂಬುದು ಅವತ್ತು ತಿಳಿಯಿತು.