ಇಳಿಯದ ಎಡಭುಜ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಈಗೀಗ ರೇಗುತ್ತದೆ. ಮೈ ಎಲ್ಲಿ ಬಿಗಿದಿದೆ, ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಎಂದು ಗಮನಿಸಿ ಓಡಾಡುವುದನ್ನು, ಕೂರುವುದನ್ನು, ನಿಲ್ಲುವುದನ್ನು ಕಲಿಸುತ್ತೇನೆ. ಜಗಳೂರಿನಲ್ಲಿ ಇದು ತೂಕ ಇಳಿಸುವ ಕ್ಲಾಸ್ ಎಂದುಕೊಂಡು ಬಂದರು, ಇಳಿಯದಿದ್ದಾಗ ಬಿಟ್ಟರು. ನ್ಯಾಮತಿಯ ಭಜನಾ ಮಂಡಳಿಯವರು ಗ್ಯಾಸ್ ಟ್ರಬಲ್ಲಿಗೆ ಆಸನ ಕೇಳಿದರು. ಹೊನ್ನಾಳಿಯಲ್ಲಂತೂ ಕಣ್ಣು ಮುಚ್ಚಿ ಎಂದ ಐದೇ ನಿಮಿಷಕ್ಕೆ ಗೊರಕೆ.

ಹಾಗಾಗಿ ಚನ್ನಗಿರಿಯ ಹವ್ಯಾಸಿ ನಾಟಕ ತಂಡ ಕರೆದಾಗ ಖುಷಿಯಾಯಿತು. ನಟರಿಗಾದರೂ ತಮ್ಮ ಮೈ ಗೊತ್ತಿರುತ್ತದೆ ಅಂದುಕೊಂಡೆ. ಭಾನುವಾರ ತಾಲೀಮಿಗೆ ಮೊದಲಿನ ಒಂದು ಗಂಟೆ ನನ್ನದು.

ರಾಣಿಯ ಪಾತ್ರ ತ್ಯಾವಣಿಗೆಯಿಂದ ಬರುವ ಅಂಗನವಾಡಿ ಶಿಕ್ಷಕಿಯದು. ವರ್ಷಗಟ್ಟಲೆ ಸಖಿಯಾಗಿ ತಟ್ಟೆ ಹಿಡಿದು ನಿಂತವರಿಗೆ ಮೊದಲ ಸಲ ಸಿಕ್ಕ ದೊಡ್ಡ ಪಾತ್ರ. ಬಸ್ಸಿನಲ್ಲೂ ಮಾತು ಬಾಯಿಪಾಠ ಮಾಡುತ್ತ ಬರುತ್ತಿದ್ದರು. ಆದರೆ ಎಡಭುಜ ಸದಾ ಕಿವಿಯತ್ತ ಏರಿರುತ್ತಿತ್ತು. ಕತ್ತು ಬಿಗಿದು ದನಿ ಗಂಟಲಲ್ಲೇ ನಿಲ್ಲುತ್ತಿತ್ತು. ಇದು ಸರಿಯಾಗದಿದ್ದರೆ ಪಾತ್ರ ಬೇರೆಯವರಿಗೆ ಎಂದು ನಿರ್ದೇಶಕರು ಆಕೆಯ ಎದುರಿಗೇ ಹೇಳಿದ್ದರು.

"ಭುಜ ಬಿಡ್ರಿ," ಎನ್ನುತ್ತಿದ್ದೆ.

"ಬಿಟ್ಟೇ ಐತ್ರೀ ಮೇಡಂ."

"ಎಲ್ಲಾದ್ರೂ ನೋವು?"

"ಏನೂ ಇಲ್ರೀ, ಆರಾಮ್ ಐತೆ."

ನಾಲ್ಕು ವಾರ ಇದೇ ರಾಗ. ಕಲಿಸುವವರು ಏನು ಕೇಳಿದರೂ ಆರಾಮ್ ಅನ್ನುವುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆ ಕಂಡರೇ ನನಗೆ ಮೈ ಉರಿಯುತ್ತಿತ್ತು. ನಾಲ್ಕನೆಯ ಭಾನುವಾರ ಸಿಟ್ಟಿನಲ್ಲಿ ನಿರ್ದೇಶಕರಿಗೆ ಹೇಳಿಯೇ ಬಿಟ್ಟೆ: "ಅವರು ಪ್ರಯತ್ನಾನೇ ಮಾಡಲ್ಲ."

ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಪಾತ್ರ ಕೈಬದಲಾಗಿತ್ತು. "ನೀವೇ ಹಂಗೆ ಅಂದ ಮೇಲೆ ಇನ್ನೇನು? ನಿಮ್ಮ ಕ್ಲಾಸ್ ಮುಗೀಲಿ, ಆಯಮ್ಮಂಗೆ ಹೇಳ್ತೀನಿ," ಎಂದರು ನಿರ್ದೇಶಕರು. ಏನೂ ಗೊತ್ತಿಲ್ಲದವಳಂತೆ ಕ್ಲಾಸ್ ಶುರು ಮಾಡಿದೆ. ಈ ತಂಡದಲ್ಲಿ ಮೊದಲ ಸಲ ಎಲ್ಲರನ್ನೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರಿಸಿದೆ. ಚಕ್ಕಳಮಕ್ಕಳ, ಕೈ ತೊಡೆಯ ಮೇಲೆ, ಕಣ್ಣು ಮುಚ್ಚಿ, ತಲೆ ನೆಟ್ಟಗೆ.

ಆಕೆ ಎರಡು ನಿಮಿಷ ಕೂತವರು ದಡಕ್ಕನೆ ಎದ್ದು ಹೊರಗೆ ಹೋದರು. ಪ್ರಯತ್ನ ಮಾಡುವುದಿಲ್ಲ ಎಂದಿದ್ದು ಸರಿಯೇ ಇದೆ ಎಂದು ನಾನು ಹಲ್ಲು ಕಚ್ಚುವಾಗಲೇ ಹಾಸ್ಯದ ಪಾತ್ರದ ಹಿರಿಯರು ಕಣ್ಣು ಬಿಟ್ಟರು.

"ಮೇಡಂ, ಇನ್ನು ವಿಭೂತಿ ಹಚ್ಚಿ ಹಾರ ಹಾಕೋದೊಂದು ಬಾಕಿ ಐತೆ ನೋಡ್ರಿ."

ಎಲ್ಲರೂ ನಕ್ಕರು. ನನಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹೀಗೇ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ನಮ್ಮಪ್ಪನನ್ನೂ ಹಾಗೇ ಕೂರಿಸಿದ್ದೆವು. ಬೆಂಗಳೂರಿನ ತರಬೇತಿಯಲ್ಲಿ ಈ ಭಂಗಿ ಕಲಿತು, ಅದನ್ನೇ ದೊಡ್ಡ ವಿದ್ಯೆಯೆಂದು ಹೊತ್ತು ತಿರುಗಿದ್ದೆ. ನನ್ನ ಮೇಲೇ ಅಸಹ್ಯವಾಯಿತು.

ಆಕೆ ಹೊರಗೆ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದರು.

"ತಪ್ಪು ತಿಳ್ಕಬ್ಯಾಡ್ರಿ. ಯುಗಾದಿ ಆದ ಮೇಲೆ ನಮ್ಮವ್ವ ತೀರ್ಕಂಡ್ಳು. ಕೂರ್ಸಿದ್ರೆ ತಲೆ ಈ ಕಡೀಗೇ ವಾಲ್ತಿತ್ತು. ತಲೆ ನಿಲ್ಲಾಕೆ ಬಟ್ಟೆ ಕಟ್ತೀವಿ ಅಂದ್ರೆ ನಾನು ಬಿಡ್ಲಿಲ್ಲ. ಮಣ್ಣು ಮಾಡೋ ತನಕ ಪಕ್ಕದಾಗೆ ಕೂತು ಭುಜ ಕೊಟ್ಟಿದ್ದೆ." ಎಡಭುಜವನ್ನು ಮುಟ್ಟಿ ನೋಡಿಕೊಂಡರು. "ಇವತ್ತು ಕೂತಾಗಲೇ ಗೊತ್ತಾತು, ಇನ್ನೂ ಹಂಗೇ ಹಿಡ್ಕಂಡೀನಿ ಅಂತ. ಇನ್ನು ಬಿಡಾಕೆ ಬರತೈತೆ ಬಿಡ್ರಿ. ಇನ್ನೊಂದು ವಾರ ಕೊಡ್ರಿ ಸಾಕು, ರಾಣಿ ಹೆಂಗಿರ್ತಾಳೆ ನೋಡೀರಂತೆ."

ವರ್ಷಗಟ್ಟಲೆ ಕಲಿಸಿದ್ದರಲ್ಲಿ ಒಬ್ಬರಾದರೂ ತಮ್ಮ ಮೈಯ ಬಗ್ಗೆ ಹೀಗೆ ಹೇಳಿಕೊಂಡಿರಲಿಲ್ಲ. ಇದನ್ನು ಕೇಳಲೆಂದೇ ನಾಲ್ಕೂ ಊರು ಸುತ್ತಿದ್ದೆ. ಈಗ ಕೇಳಿಸಿಕೊಂಡು ನಿಲ್ಲಲಾಗಲಿಲ್ಲ.

"ಪಾತ್ರ ಬೇರೆಯವರಿಗೆ ಹೋಗಿದೆ," ಎಂದೆ. "ನೀವು ಪ್ರಯತ್ನ ಮಾಡಲ್ಲ ಅಂತ ನಾನೇ ಹೇಳಿದ್ದೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಭುಜ ಯಾವಾಗಿಂದ ಹಿಂಗಾತು ಅಂತ ಒಂದ್ಸಲ ಕೇಳಬೌದಿತ್ತಲ್ರೀ," ಎಂದು ಬ್ಯಾಗ್ ತರಲು ಒಳಗೆ ಹೋದರು.